ಹಲ್ಲಿಲ್ಲ, ಮೂಗಿಲ್ಲ: ಸಣ್ಣ ಹುಡುಗ್ರ ಕೂಡ ಎರೆಹುಳದ ಡಬ್ಬಿ

ನಾಕು ವರ್ಷದ ನನ್ನ ಮಗಳು ಒಂದಿನ ಡಬ್ಬಿ ಮುಂದ ತುದಿಗಾಲ ಮ್ಯಾಲ ಕುಂತು, ಒಂದು ಹುಳ ಅಂಗೈಯಾಗ ಇಟ್ಕೊಂಡು, ಭಾಳೊತ್ತು ಅದರ ಮಾರಿ ಯಾವ ಕಡೆ ಅದ ಅಂತ ಹುಡುಕಿ, ಕಡೀಕ ಕೇಳಿದ್ಲು, "ಅವ್ವಾ, ಇದಕ್ಕ ಹಲ್ಲೇ ಇಲ್ಲ, ಮತ್ತ ಬಾಳೆಹಣ್ಣಿನ ಸಿಪ್ಪಿ ಹೆಂಗ ತಿಂತದ?" ಅಲ್ಲಿತನಕ ನಾನು ಆಕಿಗೆ ಹೇಳಿದ್ದು ಒಂದೇ ಮಾತು, ನಾವು ಕೊಟ್ಟ ಸಿಪ್ಪಿ ಹುಳ ತಿಂತಾವ, ತಿಂದು ಗೊಬ್ಬರ ಮಾಡ್ತಾವ ಅಂತ. ಆಕಿ ಕೇಳಿದ್ಮ್ಯಾಲ ಓದಿ ನೋಡಿದ್ರ ಗೊತ್ತಾತು, ನಾ ಹೇಳಿದ್ದು ಅರ್ಧ ಅಷ್ಟೇ ಖರೆ.

ಹುಳ ತಾಜಾ ಸಿಪ್ಪಿ ತಿನ್ನಂಗಿಲ್ರಿ. ಸಿಪ್ಪಿ ಮೊದಲ ಕೊಳೀಬೇಕು, ಅಂದ್ರ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ, ಬೂಸ್ಟು ಇವೆಲ್ಲಾ ಅದರ ಮ್ಯಾಲ ಕುಂತು ಅದನ್ನ ಮೆತ್ತಗ ಮಾಡಬೇಕು, ಆಮ್ಯಾಲ ಹುಳ ಬಂದು ಆ ಮೆತ್ತಗಾದ ಸಿಪ್ಪಿನೂ ಅದರ ಮ್ಯಾಲಿನ ಬ್ಯಾಕ್ಟೀರಿಯಾನೂ ಕೂಡೇ ನುಂಗ್ತದ. ಹುಳದ ಊಟದ ಮುಖ್ಯ ಪಾಲು ಆ ಸೂಕ್ಷ್ಮಜೀವಿಗಳೇ. ಇನ್ನ ಹಲ್ಲಿನ ಕೆಲಸ? ಹುಳದ ಹೊಟ್ಟಿಯೊಳಗ ಗಟ್ಟಿ ಸ್ನಾಯುವಿನ ಒಂದು ಚೀಲ ಅದ, ಕೋಳಿಗೂ ಇರ್ತದಲ್ಲ ಹಂಗ. ಹುಳ ಸಣ್ಣ ಸಣ್ಣ ಉಸುಕಿನ ಕಾಳು ನುಂಗಿ ಅದರಾಗ ಇಟ್ಕೋತದ, ಆ ಚೀಲ ಬಿಗದು ಸಡಲು ಬಿಟ್ಟು ಊಟಾನ ಆ ಉಸುಕಿನ ಕೂಡ ಅರೀತದ. ಇದನ್ನ ಹುಡುಗಿಗೆ ಹೆಂಗ ಹೇಳೂದು ಅಂತ ನಾ ವಿಚಾರ ಮಾಡ್ಕೋತ ಕುಂತಾಗ ನಮ್ಮತ್ತಿ ಹಿತ್ತಲದಾಗಿನ ಹಳೇ ಬೀಸುಕಲ್ಲು ತೋರಿಸಿ, ಒಂದು ಹಿಡಿ ಜೋಳ ಹಾಕಿ ತಿರುವಿ, "ನೋಡವ್ವಾ, ಹುಳದ ಹೊಟ್ಟ್ಯಾಗ ಇಂಥದ್ದೊಂದು ಸಣ್ಣದು ಅದ" ಅಂದ್ರು. ಅಲ್ಲಿಗೆ ಮುಗೀತು, ಆಕಿಗೆ ತಿಳೀತು. ನನಗೂ ಅವತ್ತೇ ಪೂರ್ತಿ ತಿಳೀತು.

ಸಣ್ಣ ಹುಡುಗ್ರಿಗೆ ಎರೆಗೊಬ್ಬರ ತೋರಸಬೇಕು ಅನ್ನೋರಿಗೆ ಎಲ್ಲಾರೂ ಒಂದು ಉದ್ದನ್ನ ಪಟ್ಟಿ ಕೊಡ್ತಾರ, ಇದು ಹಾಕ್ರಿ, ಅದು ಹಾಕಬ್ಯಾಡ್ರಿ, ಇಷ್ಟ ನೀರು, ಇಷ್ಟ ದಿನ ಅಂತ. ದೊಡ್ಡವರಿಗೇ ಅದು ನೆನಪಿರಂಗಿಲ್ಲ, ಮಕ್ಕಳಿಗೆ ಹೆಂಗ ಇರ್ತದ. ನನ್ನ ಅನುಭವಕ್ಕ ಬಂದದ್ದು ಏನಂದ್ರ ಎರಡ ಮಾತು ಗಟ್ಟಿ ತಿಳದ್ರ ಸಾಕು, ಪಟ್ಟಿ ಎಲ್ಲಾ ಅದರಾಗೇ ಹುಟ್ತದ. ಒಂದು, ಹುಳಕ್ಕ ಹಲ್ಲಿಲ್ಲ. ಎರಡು, ಹುಳಕ್ಕ ಮೂಗಿಲ್ಲ, ಅದು ಮೈ ಚರ್ಮದಿಂದ ಉಸಿರಾಡ್ತದ. ಇವೆರಡನ್ನೂ ಮೂರು ವರ್ಷದ ಕೂಸು ಸೈತ ಬಾಯಿಪಾಠ ಮಾಡ್ತದ.

ಹಲ್ಲಿಲ್ಲ ಅನ್ನೂದರಿಂದ ಸುರು ಮಾಡೋಣ. ಹಲ್ಲಿಲ್ಲ ಅಂದ್ರ ಸಿಪ್ಪಿ ಕೊಳಿಯೋತನಕ ಹುಳ ಕಾಯಬೇಕು, ಹುಳ ಕಾದ್ರ ನಾವೂ ಕಾಯಬೇಕು. ಅದಕ್ಕ ಮೊದಲನೇ ವಾರ ನಾ ಮಾಡಿಸಿದ್ದು ಒಂದೇ ಒಂದು ಕೆಲಸ, ಅರ್ಧ ಬಾಳೆಹಣ್ಣಿನ ಸಿಪ್ಪಿ ಡಬ್ಬಿಯ ಒಂದು ಮೂಲಿಗೆ ಇಟ್ಟು, ಅಲ್ಲೊಂದು ಐಸ್‌ಕ್ರೀಮ್ ಕಡ್ಡಿ ಊರಿ, ದಿನಾ ಸಂಜಿಗೆ ತಗದು ನೋಡೂದು. ಮೊದಲನೇ ದಿನ ಹಳದಿ. ಎರಡು ಮೂರು ದಿನಕ್ಕ ಕರ್ರಗ. ಆಮ್ಯಾಲ ಬಿಳೇ ಬೂಸ್ಟು, ಹತ್ತಿ ಹಿಂಜಿ ಇಟ್ಟಂಗ. ಅದನ್ನ ನೋಡಿ ಅಕ್ಕನ ಮಗ, ಆರು ವರ್ಷದವ, "ಕೆಟ್ಟೋತು, ಒಗೀರಿ" ಅಂದ. ಒಗೀಲಿಲ್ಲ. ಇನ್ನೆರಡು ದಿನ ಬಿಟ್ಟು ಸಿಪ್ಪಿ ಎತ್ತಿದ್ರ ಅದರ ಕೆಳಗ ಹತ್ತು ಹನ್ನೆರಡು ಹುಳ ಗುಂಪಾಗಿ ಸುತ್ಕೊಂಡು ಕುಂತಿದ್ವು. ಹುಡುಗ್ರಿಬ್ಬರ ಬಾಯಾಗೂ ಮಾತಿಲ್ಲ. ಎರಡು ವಾರದ ಮ್ಯಾಲ ಉಳದದ್ದು ಬಾಳೆಹಣ್ಣಿನ ತುಂಬು ಅಷ್ಟೇ, ಗಟ್ಟಿ ಇರ್ತದಲ್ಲ ಅದು. ದಿನಾ ಒಂದು ಚಿತ್ರ ಬರಸ್ರಿ, ಹಳದಿ ಬಣ್ಣ, ಕರೇ ಬಣ್ಣ, ಬಿಳೇದು, ಕಡೀಕ ಬರೇ ತುಂಬು. ಸಾಲಾಗಿ ಗ್ವಾಡಿಗೆ ಹಚ್ಚಿದ್ರ ಗೊಬ್ಬರ ಅನ್ನೂದು ಹೆಂಗ ಆಗ್ತದ ಅನ್ನೂ ಪಾಠ ಅದೇ, ಬ್ಯಾರೆ ಏನೂ ಬ್ಯಾಡ.

ಇದರಿಂದ ಎಷ್ಟು ಹಾಕಬೇಕು ಅನ್ನೂದೂ ತಿಳೀತದ. ಹುಡುಗ್ರಿಗೆ ಉಣಿಸೂದು ಅಂದ್ರ ಭಾಳ ಖುಷಿ, ದಿನಕ್ಕ ನಾಕು ಸಲ ಹಾಕ್ತೀನಿ ಅಂತಾವ, ಆದ್ರ ಸಿಪ್ಪಿ ರಾಶಿ ಬಿದ್ರ ಸೂಕ್ಷ್ಮಜೀವಿಗಳು ಒಮ್ಮೆಲೇ ಬೆಳದು ರಾಶಿಯೊಳಗ ಕಾವು ಏರ್ತದ, ಗಾಳಿ ಖಾಲಿ ಆಗ್ತದ, ಗಾಳಿ ಇಲ್ಲದ ಕಡೆ ಬೆಳೆಯೋ ಬ್ಯಾಕ್ಟೀರಿಯಾ ಬ್ಯಾರೆ, ಅವು ಬಂದ್ರ ಗಬ್ಬು ವಾಸನಿ. ಛಲೋ ಡಬ್ಬಿ ಮಳಿ ಬಿದ್ದ ಎರಿ ಹೊಲದಂಗ ಘಮ್ ಅನ್ನಬೇಕು. ಗಬ್ಬು ವಾಸನಿ ಬಂತಂದ್ರ ಹುಳದ ತಪ್ಪಲ್ಲ, ನಾವು ಹೆಚ್ಚ ಹಾಕೀವಿ ಅಂತ ತಿಳೀಬೇಕು. ಹುಳ ಹೊಂದಿಕೊಂಡ ಡಬ್ಬಿಯೊಳಗ ಅವು ದಿನಕ್ಕ ತಮ್ಮ ತೂಕದ ಸುಮಾರು ಅರ್ಧದಷ್ಟು ತಿಂತಾವ. ಕಾಲು ಕೆಜಿ ಹುಳ ಇದ್ರ ದಿನಕ್ಕ 125 ಗ್ರಾಮ್ ಆಸುಪಾಸು, ಮೊದಲನೇ ತಿಂಗಳು ಅದರಾಗೂ ಅರ್ಧ ಕೊಡ್ರಿ. ನಮ್ಮ ಮನಿಯಾಗ ಮಗಳ ಹಿಡಿ ಒಂದೇ ಅಳತಿ, ದಿನಕ್ಕ ಆಕಿ ಒಂದು ಹಿಡಿ, ಹಿಂದ ಹಾಕಿದ್ದು ಕಾಣದಂಗ ಆಗಿದ್ರ ಅಷ್ಟೇ ಮುಂದಿಂದು. ತೂಕದ ಕಾಟಾಕ್ಕಿಂತ ಆಕಿಗೆ ಅದು ಛಲೋ ತಿಳೀತದ. ಸಣ್ಣಗ ಹೆಚ್ಚಿದ್ರ ಬೇಗ ಕೊಳೀತದ, ಅದಕ್ಕ ಕಲ್ಲಂಗಡಿ ತೊಗಟಿ, ಕೋಸಿನ ದಂಟು ಇಂಥವು ನಾವೇ ಚೂರು ಮಾಡಿ ಕೊಡ್ತೀವಿ, ಮೆಂತ್ಯೆ ದಂಟು, ಸೋಸಿದ ಚಹಾಪುಡಿ ಹಂಗೇ ಹೋಗ್ತಾವ. ಚಹಾಪುಡಿ ಮಾತ್ರ ಹಾಲು ಸಕ್ಕರಿ ಹೋಗೋಹಂಗ ಒಮ್ಮೆ ತೊಳೀರಿ, ಇಲ್ಲಾಂದ್ರ ಇರುವಿ ಹುಡಿಕ್ಕೊಂಡು ಬರ್ತಾವ.

ಇನ್ನ ಮೂಗಿಲ್ಲ ಅನ್ನೋ ಮಾತು. ಚರ್ಮದಿಂದ ಗಾಳಿ ಒಳಗ ಹೋಗಬೇಕಂದ್ರ ಚರ್ಮ ಹಸಿ ಇರಬೇಕು, ಗಾಳಿ ಆ ಹಸಿಯೊಳಗ ಕರಗಿ ರಕ್ತಕ್ಕ ಸೇರ್ತದ. ಹುಳದ ಮೈ ಒಣಗಿತಂದ್ರ ಅದಕ್ಕ ಉಸಿರೇ ಇಲ್ಲ. ಹಂಗಂತ ನೀರು ಸುರುವಿ ರಾಡಿ ಮಾಡಿದ್ರೂ ಕೆಲಸ ಕೆಟ್ತು, ನೀರು ನಿಂತಲ್ಲಿ ಗಾಳಿ ಇರಂಗಿಲ್ಲ. ಎಷ್ಟು ಹಸಿ ಇರಬೇಕು ಅಂದ್ರ, ಅರಬಿ ಒಗದು ಗಟ್ಟಿ ಹಿಂಡಿ ಒಣಹಾಕೋ ಮುಂದ ಹೆಂಗ ಇರ್ತದೋ ಹಂಗ. ಒಂದು ಹಿಡಿ ತಗೊಂಡು ಹಿಚುಕಿದ್ರ ಒಂದೆರಡು ಹನಿ ಬರಬೇಕು, ಧಾರಿ ಬಂದ್ರ ಹೆಚ್ಚಾತು, ಹರಕ ಪೇಪರ್ ಹಾಕ್ರಿ, ಏನೂ ಬರಲಿಲ್ಲಂದ್ರ ಸ್ಪ್ರೇ ಬಾಟ್ಲಿಲೆ ನೀರು ಹೊಡೀರಿ. ಈ ಹಿಚುಕೋ ಪರೀಕ್ಷಾ ಹುಡುಗ್ರಿಗೇ ಬಿಡ್ರಿ, ಅವು ಎರಡು ವಾರದಾಗ ನಮಗಿಂತ ಛಲೋ ಹೇಳ್ತಾವ. ನಳದ ನೀರಿನ್ಯಾಗ ಕ್ಲೋರಿನ್ ವಾಸನಿ ಬರ್ತಿದ್ರ ಬಕೆಟ್ಟಿನ್ಯಾಗ ಒಂದು ರಾತ್ರಿ ತೆರದಿಟ್ಟು ಆಮ್ಯಾಲ ಬಳಸ್ರಿ.

ಉಪ್ಪು ಯಾಕ ಬ್ಯಾಡ ಅನ್ನೂದೂ ಚರ್ಮದ್ದೇ ಮಾತು, ಉಪ್ಪು ಮೈಯಾಗಿನ ನೀರು ಎಳಕೋತದ. ಅದಕ್ಕ ಉಪ್ಪಿನಕಾಯಿ, ಉಳದ ಪಲ್ಯಾ, ಸಾರು, ಚಟ್ನಿ ಯಾವುದೂ ಬ್ಯಾಡ, ಖಾರ ಎಣ್ಣಿ ಇದ್ದದ್ದೂ ಬ್ಯಾಡ. ಮಾಂಸ, ಹಾಲು, ಮೊಸರು ಹಾಕಿದ್ರ ವಾಸನಿಗೆ ಇಲಿ ಬರ್ತಾವ. ನಮ್ಮ ವಿಜಯಪುರದ ಕಡೆ ಒಂದು ತೊಡಕು ಅಂದ್ರ ಲಿಂಬಿಹಣ್ಣು, ಇಂಡಿ ಕಡೆಯಿಂದ ಪಿಶವಿಗಟ್ಟಲೆ ಬರ್ತಾವ, ದಿನಾ ಊಟಕ್ಕ ಒಂದು ಹಿಂಡ್ತೀವಿ, ಸಿಪ್ಪಿ ಎಲ್ಲಾ ಹುಳಕ್ಕ ಹಾಕಿದ್ರ ಡಬ್ಬಿ ಹುಳಿ ಆಗ್ತದ, ಸಿಪ್ಪಿಯಾಗಿನ ಎಣ್ಣಿನೂ ಅವಕ್ಕ ಆಗಿ ಬರಂಗಿಲ್ಲ. ಉಳ್ಳಾಗಡ್ಡಿ ಬಳ್ಳೊಳ್ಳಿ ಸಿಪ್ಪಿನೂ ಅಷ್ಟೇ, ಎಲ್ಲೋ ಒಂದೀಟು ಬಿದ್ರ ನಡೀತದ, ರಾಶಿ ಹಾಕಬ್ಯಾಡ್ರಿ. ನಮ್ಮ ಹುಡುಗಿಗೆ ಇದನ್ನ ಹೇಳಿದ್ದು ಹಿಂಗ: "ನಿನ್ನ ಗಾಯಕ್ಕ ಯಾವುದು ಹಚ್ಚಿದ್ರ ಉರೀತದೋ ಅದು ಹುಳಕ್ಕೂ ಉರೀತದ." ಶಾಸ್ತ್ರಕ್ಕ ಪೂರ್ತಿ ಒಪ್ಪೂ ಮಾತಲ್ಲ, ಆದ್ರ ನಾಕು ವರ್ಷದಾಕಿಗೆ ಅಷ್ಟ ಸಾಕು, ಅವತ್ತಿಂದ ಲಿಂಬಿ ಸಿಪ್ಪಿ ಆಕಿ ಕೈಲೆ ಡಬ್ಬಿಗೆ ಹೋಗಿಲ್ಲ.

ಆದ್ರ ನಮ್ಮ ಸೀಮಿಯೊಳಗ ಎಲ್ಲಾಕ್ಕಿಂತ ದೊಡ್ಡ ವೈರಿ ಬಿಸಿಲು. ಇದನ್ನ ನಾನು ಸುಲಭಕ್ಕ ಕಲೀಲಿಲ್ಲ. ಮೊದಲನೇ ಸಲ ಮಾರ್ಚ್‌ದಾಗ ಸುರು ಮಾಡಿದ್ವಿ, ಏಪ್ರಿಲ್‌ದಾಗ ಎರಡು ದಿನ ಊರಿಗೆ ಹೋಗಿ ಬಂದ್ವಿ, ಡಬ್ಬಿ ಪಡಸಾಲಿ ಕಿಟಕಿ ಹಂತ್ಯಾಕ ಇತ್ತು, ಮಧ್ಯಾಹ್ನದ ಮ್ಯಾಲ ಬಿಸಿಲು ಸರದು ಅದರ ಮ್ಯಾಲೇ ಬೀಳ್ತದಂತ ನಾ ಲಕ್ಷ್ಯ ಕೊಟ್ಟಿರಲಿಲ್ಲ. ಬಂದು ಮುಚ್ಚಳ ತಗದ್ರ ಹುಳ ಎಲ್ಲಾ ಹೊರಗ ಬರಾಕ ಹತ್ತಿ ಹತ್ತಿ ಮುಚ್ಚಳದ ಒಳಮೈಗೆ ಅಂಟ್ಕೊಂಡು ಒಣಗಿದ್ವು. ಮಗಳು ಸ್ಪ್ರೇ ಬಾಟ್ಲಿ ತಂದು, "ನೀರ ಹೊಡದ್ರ ಏಳ್ತಾವಲ್ಲವ್ವಾ" ಅಂದ್ಲು. ಏಳಂಗಿಲ್ಲ, ಸತ್ತಾವ, ನಾ ಬಿಸಲಾಗ ಇಟ್ಟಿದ್ನಿ, ನನ್ನದೇ ತಪ್ಪು ಅಂತ ಹೇಳಿದೆ. ಅವು ಊರಿಗೆ ಹೋಗ್ಯಾವ ಅಂತ ಏನರ ಕಥಿ ಕಟ್ಟಬಹುದಿತ್ತು, ಕಟ್ಟಲಿಲ್ಲ, ಜೀವ ಇರೋದನ್ನ ಮಕ್ಕಳ ಕೈಗೆ ಕೊಟ್ಟಮ್ಯಾಲ ಅದು ಸಾಯೂದನ್ನೂ ಖರೆ ಹೇಳಬೇಕು. ಇಬ್ಬರೂ ಕೂಡಿ ತುಳಸಿಗಿಡದ ಬುಡಕ್ಕ ಹೂಳಿದ್ವಿ.

35 ಡಿಗ್ರಿ ದಾಟಿದ್ರ ಈ ಹುಳ ತಡಕೊಳ್ಳಂಗಿಲ್ಲ, 20 ರಿಂದ 30 ರ ಒಳಗ ಇದ್ರ ಆರಾಮ. ನಮ್ಮಲ್ಲಿ ಏಪ್ರಿಲ್ ಮೇ ಅಂದ್ರ 40 ದಾಟೂದು ರೂಢಿ. ಹಂಗಾಗಿ ಬ್ಯಾಸಗಿಯೊಳಗ ಸುರು ಮಾಡಬ್ಯಾಡ್ರಿ. ಮಣ್ಣೆತ್ತಿನ ಅಮಾವಾಸಿ ಹೊತ್ತಿಗೆ ಮಳಿ ಹಿಡದಿರ್ತದ, ಹುಡುಗ್ರು ಹೆಂಗೂ ಮಣ್ಣಾಗ ಕೈ ಹಾಕಿ ಎತ್ತು ಮಾಡ್ತಿರ್ತಾವ, ಅದೇ ಛಲೋ ಹೊತ್ತು, ಇಲ್ಲಾಂದ್ರ ದಸರಾ ಮುಗದ ಮ್ಯಾಲ. ಪ್ಲಾಸ್ಟಿಕ್ ಡಬ್ಬಿಗಿಂತ ಅಗಲ ಬಾಯಿಯ ಮಣ್ಣಿನ ಗಡಿಗಿ ನಮಗ ಹೊಂದ್ತದ, ಕುಡಿಯೋ ನೀರಿನ ಹರವಿ ಹೆಂಗ ಮೈಯೆಲ್ಲಾ ಬೆವತು ಒಳಗಿನ ನೀರು ತಣ್ಣಗ ಇಡ್ತದೋ ಇದೂ ಹಂಗೇ, ಮ್ಯಾಲೊಂದು ಹಸಿ ಗೋಣಿತಟ್ಟು ಮುಚ್ಚಿದ್ರ ಇನ್ನಷ್ಟು ತಂಪು. ಈಗ ನಮ್ಮದು ಬಚ್ಚಲಮನಿ ಹೊರಗ, ಬಡಗಣ ಗ್ವಾಡಿ ನೆಳ್ಳಿನ್ಯಾಗ ಅದ. ಗಡಿಗಿ ಕೆಳಗ ಎರಡು ಮೂರು ಸಣ್ಣ ತೂತು ಇರಬೇಕು, ನೀರು ಹರದು ಹೋಗಾಕ.

ಯಾವ ಹುಳ ಅಂತ ಕೇಳ್ತೀರಿ. ಹುಡುಗ್ರು ಮೊದಲ ಹೊಲದಾಗಿನ ಹುಳ ಹಿಡಕೊಂಡು ಬರ್ತಾವ, ಆದ್ರ ಅವು ಡಬ್ಬಿಯಾಗ ಬಾಳಂಗಿಲ್ಲ. ಎರೆಹುಳದಾಗ ಮೂರು ನಮೂನಿ ಅವ: ಮಣ್ಣಿನೊಳಗೇ ಅಡ್ಡಡ್ಡ ಓಡಾಡಿ ಮಣ್ಣೇ ತಿನ್ನೋವು, ಉದ್ದಕ್ಕ ಆಳಕ್ಕ ಬಿಲ ತೋಡಿ ರಾತ್ರಿ ಮ್ಯಾಲ ಬಂದು ಎಲಿ ಎಳಕೊಂಡು ಹೋಗೋವು, ಮತ್ತ ಮಣ್ಣಿಗೆ ಇಳೀದ ಮ್ಯಾಲಿನ ಕಸ, ತಿಪ್ಪಿಯೊಳಗೇ ಇರೋವು. ಗಡಿಗಿಗೆ ಬೇಕಾದ್ದು ಈ ಮೂರನೇ ನಮೂನಿ. ಎರಿ ಹೊಲದ ಹುಳ ಬ್ಯಾಸಗಿಯಾಗ ನೆಲ ಬಿರಕ ಬಿಟ್ಟಾಗ ಆಳಕ್ಕ ಇಳದು ಗಂಟಾಗಿ ಸುತ್ಕೊಂಡು ಮಲಗಿ ಮಳಿಗೆ ಕಾಯ್ತದ, ಗಡಿಗಿಯಾಗ ಅದಕ್ಕ ಇಳಿಯಾಕ ಎಲ್ಲಿ ಜಾಗ. ಎರೆಗೊಬ್ಬರಕ್ಕಂತ ಸಾಕೋವು ಮುಖ್ಯ ಎರಡು, ಐಸೀನಿಯಾ ಫೆಟಿಡಾ ಅನ್ನೋ ಸಣ್ಣ ಕೆಂಪು ಹುಳ, ಯೂಡ್ರಿಲಸ್ ಯುಜೀನಿಯೆ ಅನ್ನೋ ಆಫ್ರಿಕಾ ಮೂಲದ ಉದ್ದನ್ನ ಹುಳ. ಎರಡನೇದಕ್ಕ ಥಂಡಿ ಆಗಂಗಿಲ್ಲ, ಬೆಚ್ಚಗಿನ ಸೀಮಿಗೆ ಅದು ಹೊಂದ್ತದ. ಕೃಷಿ ವಿಜ್ಞಾನ ಕೇಂದ್ರದಾಗ ಕೇಳ್ರಿ, ವಿಜಯಪುರದವರಿಗೆ ಅದು ಹಿಟ್ಟಿನಹಳ್ಳಿಯಾಗ ಅದ, ಬೆಳಗಾವಿ ಬಾಗಲಕೋಟಿ ಜಿಲ್ಲಾದಾಗೂ ಅವ. ಇಲ್ಲಾಂದ್ರ ಎರೆಗೊಬ್ಬರ ಮಾಡೋ ರೈತರ ಕಡೆ ಕಾಲು ಕೆಜಿ ಇಸಕೊಳ್ರಿ, ಅದರ ಕೂಡ ಅವರ ತೊಟ್ಟಿಯಾಗಿನ ಒಂದು ಬೊಗಸಿ ಹಳೇ ಗೊಬ್ಬರಾನೂ ತರ್ರಿ, ಹುಳಕ್ಕ ಹೊಸ ಮನಿ ಅಷ್ಟು ಪರಕೀಯ ಅನ್ಸಂಗಿಲ್ಲ.

ಗಡಿಗಿ ತುಂಬೋದ್ರಾಗ ಹುಡುಗ್ರಿಗೆ ಎಷ್ಟರ ಕೆಲಸ ಅದ. ಎರಡು ಮೂರು ವರ್ಷದವಕ್ಕ ಪೇಪರ್ ಹರಿಯೂದು, ಅದರಷ್ಟು ಖುಷಿ ಬ್ಯಾರೆ ಇಲ್ಲ. ಹೊಳಪಿನ ಪೇಪರ್ ಬ್ಯಾಡ, ದಿನಪತ್ರಿಕಿ, ಅಂಚು ಟೇಪ್ ತಗದ ರಟ್ಟಿನ ಡಬ್ಬಿ ಸಾಕು. ಜೋಳದ ಕಣಿಕಿ ಚೂರು, ತೊಗರಿ ಹೊಟ್ಟು ಇದ್ರ ಇನ್ನೂ ಛಲೋ, ಮುಧೋಳ ಅಥಣಿ ಕಡೆಯವರಿಗೆ ಕಬ್ಬಿನ ರವದಿ ಕೈಗೇ ಸಿಗ್ತದ. ಇಂಥ ಒಣದು ಯಾಕ ಬೇಕಂದ್ರ ಹಸಿ ಸಿಪ್ಪಿಯಾಗ ಸಾರಜನಕ ಹೆಚ್ಚು, ಒಣ ಕಸದಾಗ ಇಂಗಾಲ ಹೆಚ್ಚು, ಸೂಕ್ಷ್ಮಜೀವಿಗಳಿಗೆ ಎರಡೂ ಬೇಕು, ರೊಟ್ಟಿ ಪಲ್ಯಾ ಇದ್ದಂಗ, ಬರೇ ಪಲ್ಯಾ ಉಂಡ್ರ ಆಗಂಗಿಲ್ಲ. ಮ್ಯಾಲ ಒಂದೆರಡು ಹಿಡಿ ಹಳೇ ಹೆಂಡಿ, ಅದೂ ಹದಿನೈದು ದಿನ ಆರಿದ್ದು. ಹಸಿ ಹೆಂಡಿ ಕಾವು ಬಿಡ್ತದ, ಮತ್ತ ಸಣ್ಣ ಹುಡುಗ್ರ ಕೈಗೆ ಅದು ಬ್ಯಾಡ, ಹೆಂಡಿ ಕೆಲಸ ದೊಡ್ಡವರೇ ಮಾಡ್ರಿ. ಒಂದು ಚಮಚ ಉಸುಕು ಮರೀಬ್ಯಾಡ್ರಿ, ಬೀಸುಕಲ್ಲಿಗೆ.

ಮುಟ್ಟೂದರ ಬಗ್ಗೆ ಒಂದು ಮಾತು. ಯಾವ ಕೂಸೂ ಹುಟ್ಟಾನೇ ಹುಳಕ್ಕ ಹೇಸಂಗಿಲ್ರಿ, ನಾವು "ಛೀ" ಅಂದದ್ದನ್ನ ಕೇಳಿ ಕಲೀತದ, ಆ ಒಂದು ಅಕ್ಷರ ಆರು ತಿಂಗಳ ಕೆಲಸ ಕೆಡಸ್ತದ. ನಿಮಗ ಹೇಸಿಕಿ ಬಂದ್ರ ಸುಮ್ಮ ದೂರ ನಿಂದರ್ರಿ, ಮಾರಿ ಮಾಡಬ್ಯಾಡ್ರಿ. ಅಂಜೋ ಹುಡುಗ್ರಿಗೆ ಒತ್ತಾಯ ಬ್ಯಾಡ. ಅಕ್ಕನ ಮಗ ಮೊದಲ ಒಂದು ತಿಂಗಳು ಚಮಚಲೇ ಎತ್ತತಿದ್ದ, ಆಮ್ಯಾಲ ಒಂದಿನ ತಾನೇ ಬೆರಳು ಚಾಚಿದ. ಕೈಗೆ ಗಾಯ ಇದ್ರ ಆ ದಿನ ಬರೇ ನೋಡೂದು. ಮುಟ್ಟೋಕಿಂತ ಮೊದಲ ಕೈ ಹಸಿ ಮಾಡಸ್ರಿ, ಹುಳದ ಸಲುವಾಗಿ. ಮುಟ್ಟಿದ ಮ್ಯಾಲ ಸಾಬಾಣ ಹಚ್ಚಿ ತೊಳಸ್ರಿ, ಹುಡುಗ್ರ ಸಲುವಾಗಿ, ಕೈ ತೊಳಿಯೋತನಕ ಬಾಯಿಗೆ ಹೋಗಬಾರದು. ಮೂರರ ಒಳಗಿನ ಕೂಸಿಗೆ ಮಣ್ಣು ಬಾಯಿಗೆ ಒಯ್ಯೂದು ಸಹಜ, ಅವನ್ನ ತೊಡಿ ಮ್ಯಾಲ ಕುಂದರಿಸ್ಕೊಂಡು ತೋರಸ್ರಿ.

ಹುಳಕ್ಕ ಕಿವಿ ಅದ ಏನು, ಕಣ್ಣು ಅದ ಏನು ಅಂತ ಪ್ರಶ್ನಿ ಬಂದೇ ಬರ್ತಾವ. ಚಾರ್ಲ್ಸ್ ಡಾರ್ವಿನ್ ತಮ್ಮ ಮುಪ್ಪಿನ ವಯಸ್ಸಿನ್ಯಾಗ, 1881 ರಾಗ, ಎರೆಹುಳದ ಮ್ಯಾಲೇ ಒಂದು ಇಡೀ ಪುಸ್ತಕ ಪ್ರಕಟ ಮಾಡಿದ್ರು. ಅದರ ಸಲುವಾಗಿ ಮನಿಯಾಗ ಕುಂಡಲಿಯೊಳಗ ಹುಳ ಸಾಕಿ, ಅವುಗಳ ಮುಂದ ಸೀಟಿ ಊದಿ, ದೊಡ್ಡ ತುತ್ತೂರಿಯಂಥ ಬಸೂನ್ ಊದಿ ನೋಡಿದ್ರು, ಹುಳ ಕದಲಲಿಲ್ಲ. ಅವೇ ಕುಂಡಲಿ ಪಿಯಾನೋ ಮ್ಯಾಲ ಇಟ್ಟು ಒಂದು ಸ್ವರ ಬಾರಿಸಿದ್ರ ಪಟ್ಟನ ಬಿಲದಾಗ ಸೇರಿಕೊಂಡ್ವು. ಅಂದ್ರ ಅವಕ್ಕ ಸಪ್ಪಳ ಕೇಳಂಗಿಲ್ಲ, ನಡುಗೂದು ಗೊತ್ತಾಗ್ತದ. ಇದನ್ನ ಮನಿಯಾಗ ಮಾಡಿ ನೋಡಬಹುದು: ತಾಟಿನ್ಯಾಗ ಹಸಿ ಪೇಪರ್ ಮ್ಯಾಲ ಒಂದು ಹುಳ ಬಿಟ್ಟು ಹುಡುಗ್ರಿಗೆ ಕೂಗಾಕ ಹೇಳ್ರಿ, ಏನೂ ಆಗಂಗಿಲ್ಲ, ತಾಟಿನ ಅಂಚಿಗೆ ಬೆರಳಿಂದ ಮೆತ್ತಗ ಬಡೀರಿ, ಹುಳ ಮೈ ಕುಗ್ಗಸ್ತದ. ಒಂದೆರಡು ಸಲ ಸಾಕು, ಅದರ ಜೀವಕ್ಕ ತ್ರಾಸ ಕೊಡಬ್ಯಾಡ್ರಿ. ಕಣ್ಣಿಲ್ಲ, ಆದ್ರ ಬೆಳಕು ಚರ್ಮಕ್ಕ ತಿಳೀತದ, ಓಡಿಹೋಗ್ತದ. ಕೆಂಪು ಬೆಳಕು ಮಾತ್ರ ಅಷ್ಟು ತಿಳಿಯಂಗಿಲ್ಲ, ಹಂಗಾಗಿ ಟಾರ್ಚಿಗೆ ಗಾಳಿಪಟದ ಕೆಂಪು ಹಾಳಿ ಕಟ್ಟಿ ರಾತ್ರಿ ತಟ್ಟು ಸರಿಸಿ ನೋಡ್ರಿ, ಹುಳ ತಮ್ಮ ಪಾಡಿಗೆ ತಾವು ಉಣ್ಣೂದು ಕಾಣ್ತದ.

ಗಂಡು ಯಾವುದು ಹೆಣ್ಣು ಯಾವುದು ಅಂದ್ರ, ಪ್ರತಿ ಹುಳದಾಗೂ ಎರಡೂ ಅವ, ಆದ್ರೂ ಮರಿ ಆಗಬೇಕಂದ್ರ ಸಾಮಾನ್ಯ ಎರಡು ಹುಳ ಕೂಡಬೇಕು. ದೊಡ್ಡ ಹುಳದ ಕೊಳ್ಳಿನ ಹಂತ್ಯಾಕ ಪಟ್ಟಿ ಕಟ್ಟಿದಂಗ ಒಂದು ಉಬ್ಬು ಇರ್ತದಲ್ಲ, ಅದರಿಂದ ತತ್ತಿಯ ಚೀಲ ತಯಾರಾಗ್ತದ. ಕೆಂಪು ಹುಳದ್ದು ಎಳ್ಳಿನ ಕಾಳಿಗಿಂತ ಒಂದೀಟು ದೊಡ್ಡದು, ಆಕಾರ ಮಾತ್ರ ಥೇಟ್ ಲಿಂಬಿಹಣ್ಣು, ಬಣ್ಣ ತುಪ್ಪದಂಗ ಇದ್ದದ್ದು ಬರ್ತಾ ಬರ್ತಾ ಕೆಂಪಾಗ್ತದ. ಸುಮಾರು ಮೂರು ವಾರಕ್ಕ ಒಂದೊಂದರಿಂದ ಎರಡು ಮೂರು ಮರಿ, ಬಿಳೇ ದಾರದ ಎಳಿಯಂಗ. ಮಗಳು ಅಂಥದ್ದೊಂದನ್ನ ಬೆರಳ ತುದಿ ಮ್ಯಾಲ ಇಟ್ಕೊಂಡು ಉಸಿರು ಸೈತ ಬಿಡದ ನಿಂತಿದ್ಲು, ಬಿದ್ದೀತು ಅಂತ. ಇನ್ನ ಹುಳ ಕತ್ತರಿಸಿದ್ರ ಎರಡಾಗ್ತದ ಅನ್ನೂದು ಸುಳ್ಳು, ಇದನ್ನ ಮೊದಲೇ ಹೇಳಿಬಿಡ್ರಿ, ಇಲ್ಲಾಂದ್ರ ಯಾರರ ಒಬ್ಬ ಹುಡುಗ ಮಾಡೇ ನೋಡ್ತಾನ. ತಲಿ ಕಡೆ ಭಾಗ ಕೆಲವೊಮ್ಮೆ ಬಾಲ ಬೆಳಸ್ಕೊಂಡು ಬದಕ್ತದ, ಬಾಲದ ತುಂಡು ಹೊಸ ಹುಳ ಆಗಂಗಿಲ್ಲ.

ಕೆಂಪಿರುವಿ ಬಂದ್ರ ಗಡಿಗಿನ ಒಂದು ಇಟ್ಟಂಗಿ ಮ್ಯಾಲ ಇಟ್ಟು ಇಟ್ಟಂಗಿನ ನೀರಿನ ತಾಟಿನ್ಯಾಗ ಇಡ್ರಿ, ಆ ನೀರು ಮಾತ್ರ ಮೂರು ದಿನಕ್ಕೊಮ್ಮೆ ಚೆಲ್ರಿ, ಇಲ್ಲಾಂದ್ರ ಸೊಳ್ಳಿ. ಹಣ್ಣಿನ ನೊಣ ಎದ್ರ ಸಿಪ್ಪಿ ಮ್ಯಾಲೇ ಬಿಡಬ್ಯಾಡ್ರಿ, ಒಣ ಪೇಪರ್ ಕೆಳಗ ಹೂಳ್ರಿ.

ಎರಡೂವರಿ ಮೂರು ತಿಂಗಳಿಗೆ ಕೆಳಗಿಂದೆಲ್ಲಾ ಚಹಾಪುಡಿಯಂಗ ಕರ್ರಗ ಉದುರು ಉದುರು ಆಗಿರ್ತದ. ನೆಳ್ಳಿನ್ಯಾಗ ಹಾಳಿ ಹಾಸಿ ಗಡಿಗಿ ಬೋರಲ ಹಾಕಿ ಸಣ್ಣ ಸಣ್ಣ ಗುಂಪಿ ಮಾಡ್ರಿ, ಬೆಳಕಿಗೆ ಅಂಜಿ ಹುಳ ಕೆಳಗ ಇಳೀತಾವ, ಹುಡುಗ್ರು ಮ್ಯಾಲಿನ ಗೊಬ್ಬರ ಬೆರಳಿಂದ ಕೆದರಿ ತಗೀಬೇಕು, ಹತ್ತು ನಿಮಿಷ ಬಿಟ್ಟು ಮತ್ತ, ಹಿಂಗ ಮೂರು ನಾಕು ಸಲ ಆದ್ರ ತಳಕ್ಕ ಬರೇ ಹುಳದ ಉಂಡಿ ಉಳೀತದ, ಅವನ್ನ ಹೊಸ ಪೇಪರ್, ಒಣ ಕಸದ ಹಾಸಿಗಿಗೆ ಬಿಡೂದು. ನಾವು ಅರ್ಧ ದಿನ ಇದರಾಗೇ ಕಳದ್ವಿ. ಬಂದದ್ದು ಒಂದು ಸಣ್ಣ ಪುಟ್ಟಿ ಗೊಬ್ಬರ, ಒಂದು ಪಾಲು ಗೊಬ್ಬರಕ್ಕ ಮೂರು ಪಾಲು ಮಣ್ಣು ಕಲಿಸಿ ತುಳಸಿ, ಮಲ್ಲಿಗಿ ಕುಂಡಲಿಗೆ ಹಾಕಿದ್ವಿ.

ವಾರ ಹತ್ತು ದಿನದಾಗ ತುಳಸಿ ಬುಡಕ್ಕ ಟೊಮ್ಯಾಟೊ ಸಸಿ ಎದ್ವು, ಒಂದಲ್ಲ, ಏಳು. ಯಾರು ಬಿತ್ತಿದ್ರು ಅಂತ ಮಗಳು ಮನಿಮಂದಿಗೆಲ್ಲಾ ಕೇಳ್ಕೋತ ತಿರುಗಿದ್ಲು. ತಿಪ್ಪಿಯಾಗಾದ್ರ ಕಾವಿಗೆ ಬೀಜ ಸಾಯ್ತಾವ, ಎರೆಹುಳದ ಗಡಿಗಿ ಕಾವು ಏರಂಗಿಲ್ಲ, ಏರಿದ್ರ ಹುಳನೇ ಸಾಯ್ತಾವ, ಅದಕ್ಕ ನಾವು ಹಾಕಿದ ಟೊಮ್ಯಾಟೊದ ಬೀಜ ಹಂಗೇ ಉಳದಿದ್ವು. ಮಾವಾರು ಎರಡು ಗಟ್ಟಿ ಸಸಿ ಆರಿಸಿ ಹಳೇ ಬಣ್ಣದ ಡಬ್ಬಿಗೆ ಹಚ್ಚಿ ಕೊಟ್ರು. ಈಗ ಒಂದಕ್ಕ ಹೂ ಬಂದಾವ, ಮೂರು, ದಿನಾ ಮುಂಜಾನೆ ಎಣಿಸಿ ಬಂದು ಹೇಳ್ತಾಳ.